ಕಾಲರ್ ಹೆಂಗೈತಿ?

ಧಾರವಾಡದ ಮನೆಯ ಬಾಗಿಲಲ್ಲಿ ನಾನು ಚಪ್ಪಲಿ ಬಿಡುವಷ್ಟರಲ್ಲಿ ಚಿಗವ್ವ ಹೊರಗೆ ಬಂದಳು. ಎರಡು ವರ್ಷದ ಮೇಲೆ ನೋಡುತ್ತಿದ್ದಾಳೆ. ಸೊರಗಿದ್ದೀ, ಕೂದಲು ಉದುರಿದೆ, ಹಾದಿಯಲ್ಲಿ ಏನಾದರೂ ತಿಂದೆಯೋ ಇಲ್ಲವೋ ಎಂದೆಲ್ಲ ಕೇಳುತ್ತಾಳೆ ಅಂತ ಮುಖ ಮುಂದೆ ಮಾಡಿ ನಿಂತೆ. ಅವಳ ಕಣ್ಣು ಮುಖದವರೆಗೆ ಬರಲೇ ಇಲ್ಲ. ಎದೆಯ ಮಟ್ಟಕ್ಕೇ ನಿಂತುಬಿಟ್ಟಿತು. ಹತ್ತಿರ ಬಂದವಳೇ ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಸಂತೆಯಲ್ಲಿ ಜೋಳ ಉಜ್ಜಿ ನೋಡುವ ಹಾಗೆ ಉಜ್ಜಿ ನೋಡಿದಳು.

"ನೂಲಿಂದ ಐತಿ. ಬಣ್ಣಾನೂ ಛಲೋ ಐತಿ. ಇನ್ನ ಎಷ್ಟ ದಿನಾ ಹಾಕ್ಕೋತಿ ತಮ್ಮಾ?"

ಅಂಗಿ ತಂದು ಒಂದು ವಾರವಾಗಿತ್ತು.

"ಈಗರೆ ತೊಗೊಂಡೇನಿ ಚಿಗವ್ವ..."

"ಇರ್ಲಿ ಇರ್ಲಿ, ಅವಸರ ಇಲ್ಲ. ಕಾಲರ್ ಹರದ ಕೂಡಲೇ ಕಳಸು. ನೀಲಿ ಚೌಕಡಿ ಒಂದ ಕಡಿಮಿ ಬಿದ್ದೈತಿ ನನಗ."

ಇಷ್ಟು ಮುಗಿದ ಮೇಲೆಯೇ ಒಳಗೆ ಕರೆದು ಚಹಾ ಕೊಟ್ಟದ್ದು. ಚಹಾ ಕುಡಿಯುವಾಗಲೂ ಅಂಗಿಯ ಮೇಲೆ ಹನಿ ಬೀಳದಂತೆ ಟವೆಲ್ಲು ಕೊಟ್ಟಳು. ಅಂಗಿ ಆಗಲೇ ಅವಳದು. ನಾನು ಅದನ್ನು ಕೆಲವು ಕಾಲದ ಮಟ್ಟಿಗೆ ಕಾಯ್ದುಕೊಂಡಿರುವವನು, ಅಷ್ಟೆ.

ಕೌದಿ ಹೊಲಿಯುವ ಹೆಣ್ಣುಮಗಳು ಎಂದರೆ ಹೀಗೆ. ಹುಬ್ಬಳ್ಳಿ-ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆ ಓಣಿಗೆ ಒಬ್ಬಳಾದರೂ ಇದ್ದೇ ಇರುತ್ತಾಳೆ. ನಮ್ಮ ಓಣಿಗೆ ಚಿಗವ್ವ. ಮದುವೆ ಮನೆಯಲ್ಲಿ ಉಳಿದವರು ಮದುಮಗಳ ಸೀರೆ ಎಷ್ಟು ಸಾವಿರದ್ದು ಎಂದು ನೋಡಿದರೆ, ಚಿಗವ್ವ ಅಡುಗೆಯವನ ಪಂಚೆ ಎಷ್ಟು ಸವೆದಿದೆ ಎಂದು ನೋಡುತ್ತಾಳೆ. ಸವೆದಷ್ಟೂ ಒಳ್ಳೆಯದು. ನೂರು ಸಲ ಒಗೆದ ನೂಲಿನ ಅರಿವೆಯ ಮೆದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಅದನ್ನು ಮನುಷ್ಯರು ಉಟ್ಟೇ ತಯಾರು ಮಾಡಬೇಕು. ಅವಳ ಲೆಕ್ಕದಲ್ಲಿ ನಾವೆಲ್ಲ ಬಟ್ಟೆ ಹದ ಮಾಡುವ ಯಂತ್ರಗಳು.

ನನ್ನ ಹೆಂಡತಿ ಮೈಸೂರಿನ ಕಡೆಯವಳು. ಮದುವೆಯಾದ ಹೊಸದರಲ್ಲಿ ಧಾರವಾಡದಲ್ಲಿ ಮೊದಲ ಸಲ ಕೌದಿ ನೋಡಿ, "ಬಂದವರಿಗೆ ಹಳೇ ಬಟ್ಟೆ ಹೊದಿಸ್ತೀರಾ?" ಎಂದು ನನ್ನ ಕಿವಿಯಲ್ಲಿ ಕೇಳಿದ್ದಳು. ಅವಳಂಥವರಿಗಾಗಿ ಹೇಳುತ್ತೇನೆ: ನೆಲದ ಮೇಲೆ ಹಳೆಯ ಸೀರೆ ಹಾಸಬೇಕು. ಅದರ ಮೇಲೆ ಸವೆದ ಧೋತರ, ಪತ್ತಲ, ಪಂಚೆಗಳ ಪದರ. ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳು, ಚೌಕವೋ ಮುಕ್ಕೋನವೋ ಕೈಗೆ ಬಂದ ಹಾಗೆ. ಆಮೇಲೆ ಅಂಚಿನಿಂದ ಹಿಡಿದು ಒಂದೊಂದು ಬೆರಳಿನಷ್ಟು ಅಂತರ ಬಿಟ್ಟು ದಪ್ಪ ದಾರದಲ್ಲಿ ಸಾಲು ಹೊಲಿಗೆ ಹಾಕುತ್ತ, ಸುತ್ತಿ ಸುತ್ತಿ ನಡುವಿಗೆ ಬಂದು ಮುಟ್ಟಬೇಕು. ಅರಳೆ ಗಿರಳೆ ಇಲ್ಲ. ಅರಳೆ ಬಡಿಸಿ ಗಾದಿ ಮಾಡಿಸುವುದು ಪಿಂಜಾರರಿಗೆ ಕೂಲಿ ಕೊಡಬಲ್ಲವರ ಮನೆಯ ಮಾತು. ಕೌದಿಗೆ ಬೇಕಾದದ್ದು ಹರಿದ ಅರಿವೆ ಮತ್ತು ಹರಿಯದ ತಾಳ್ಮೆ. ಊರೂರು ತಿರುಗಿ ಪಡಸಾಲೆಯಲ್ಲಿ ಕೂತು ಕೌದಿ ಹೊಲಿದು ಕೊಡುವ ಹೆಣ್ಣುಮಕ್ಕಳೂ ಇದ್ದಾರೆ. ಚಿಕ್ಕಂದಿನಲ್ಲಿ ಅಂಥ ಒಬ್ಬಾಕೆಯ ಎದುರು ಕೂತು ನೋಡಿಯೇ ಚಿಗವ್ವ ಕಲಿತದ್ದು. ಕಲಿತ ಮೇಲೆ ಇನ್ನೊಬ್ಬರ ಕೈಗೆ ಸೂಜಿ ಕೊಟ್ಟವಳಲ್ಲ.

ಕನ್ನಡದಲ್ಲಿ 'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆ ಇದೆ. ಕಂತೆ, ಬೊಂತೆ ಎರಡೂ ಚಿಂದಿ ಹೊಲಿದ ಹೊದಿಕೆಗಳೇ, ಕೌದಿಯ ಅಕ್ಕತಂಗಿಯರು. ಗಾದೆ ಮಾಡಿದವರು ಯಾರನ್ನೋ ಹಂಗಿಸಲೆಂದು ಮಾಡಿದ್ದು. ಚಿಗವ್ವ ಅದನ್ನು ಅಳತೆಯ ಮಾತು ಎಂದೇ ತಿಳಿದಿದ್ದಾಳೆ. ಇನ್ನೊಂದು ಗಾದೆಯನ್ನಂತೂ ಅವಳು ತಿರುಗಿಸಿಯೇ ಇಟ್ಟಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಲೋಕ ಹೇಳಿದರೆ, ಅವಳ ಮೊಮ್ಮಗ ಹದಿನಾಲ್ಕಕ್ಕೇ ಆರಡಿ ಬೆಳೆದು ಕೌದಿಯಿಂದ ಕಾಲು ಹೊರಗೆ ಹಾಕಿದಾಗ, ಕೆಳಗೆ ಒಂದು ಗೇಣು ಸೇರಿಸಿದಳು. ಮರುವರ್ಷ ಇನ್ನೊಂದು ಗೇಣು. ಆ ಹುಡುಗ ಎಷ್ಟೆಷ್ಟು ವರ್ಷಕ್ಕೆ ಎಷ್ಟೆಷ್ಟು ಬೆಳೆದ ಎಂಬುದು ಮನೆಯ ಗೋಡೆಯ ಮೇಲಿಲ್ಲ, ಕೌದಿಯ ತಳದಲ್ಲಿದೆ.

ಅವಳ ಆಸ್ತಿ ಇರುವುದು ಅಟ್ಟದ ಮೇಲೆ. ಹದಿನೇಳು ಗಂಟುಗಳು. ಬಿಳಿಯವು ಒಂದು ಗಂಟು, ಹಾಲಿನ ಬಿಳುಪಲ್ಲದ ಬಿಳಿಯವು ಇನ್ನೊಂದು. ಕೆಂಪು, ಹಸಿರು, ಚೌಕಡಿ, ಗೆರೆಯವು. ಇಲಕಲ್ಲ ಸೀರೆಗಳದ್ದೇ ಬೇರೆ ಗಂಟು. ಮೈ ನೂಲು, ಸೆರಗು ರೇಷ್ಮೆ ಇರುವ ಹಳೆಯ ಇಲಕಲ್ಲ ಸೀರೆಯ ದಡಿಗಳನ್ನು ಬಿಚ್ಚಿ ಸುರುಳಿ ಸುತ್ತಿ ಇಟ್ಟಿದ್ದಾಳೆ, ಅವು ಕೌದಿಯ ಅಂಚಿಗೆ. ಗುಳೇದಗುಡ್ಡದ ಖಣದ ಚೂರುಗಳು ಬೇರೆ ಡಬ್ಬಿಯಲ್ಲಿ. ಅವು ಮೊಮ್ಮಕ್ಕಳ ಕುಲಾಯಿ, ಕುಂಚಿಗೆಗೆ ಮೀಸಲು, ದೊಡ್ಡವರು ಕೇಳಬಾರದು.

ಒಮ್ಮೆ ಮನೆಗೆ ಕಳ್ಳ ಬಂದಿದ್ದ. ಎಲ್ಲರೂ ಊರ ಜಾತ್ರೆಗೆ ಹೋದಾಗ ಹಿಂಬಾಗಿಲು ಮುರಿದು ಒಳಗೆ ಹೊಕ್ಕು, ಅಟ್ಟದ ಮೇಲೆ ಅಷ್ಟೊಂದು ಗಂಟುಗಳನ್ನು ಕಂಡು, ಯಾವುದೋ ಪುಣ್ಯದ ಫಲ ಎಂದುಕೊಂಡನೋ ಏನೋ, ಎಲ್ಲಕ್ಕೂ ಭಾರವಾದ ಗಂಟನ್ನು ಹೊತ್ತು ಹಿತ್ತಲಿಗೆ ಒಯ್ದಿದ್ದಾನೆ. ಅಲ್ಲಿ ಬಿಚ್ಚಿ ನೋಡಿ ಹಾಗೇ ಬಿಟ್ಟು ಹೋಗಿದ್ದಾನೆ. ಅವಳ ಗಂಡ, ನಮ್ಮ ಕಾಕಾ, ಬೆಳ್ಳಿಯ ಆರತಿ ತಟ್ಟೆ, ರೊಕ್ಕ ಎಲ್ಲ ಇದೆಯೆಂದು ನಿಟ್ಟುಸಿರು ಬಿಟ್ಟರೆ, ಚಿಗವ್ವ ಹಿತ್ತಲಲ್ಲಿ ಕೂತು ತುಂಡುಗಳನ್ನು ಎಣಿಸಿದಳು. ಎಣಿಸಿ ಮುಗಿದ ಮೇಲೆ ಅವಳ ಮುಖ ಕೆಂಪಾಯಿತು.

"ಒಂದೂ ಒಯ್ದಿಲ್ಲ ನೋಡ್ರಿ! ಅಂಥಾ ಛಲೋ ಪತ್ತಲಾ ಇತ್ತು. ಕಣ್ಣ ಇಲ್ಲೇನ ಅವಗ?"

ಪೊಲೀಸರಿಗೆ ದೂರು ಕೊಡೋಣವೇ ಎಂದು ಕಾಕಾ ಕೇಳಿದರು. ಏನಂತ ಕೊಡುತ್ತಾರೆ, ಕಳ್ಳ ಅವಮಾನ ಮಾಡಿದ ಎಂದೇ?

ಕಳ್ಳನಿಗಿಂತ ದೊಡ್ಡ ವೈರಿ ಎಂದರೆ ಹಳೇ ಬಟ್ಟೆಗೆ ಸ್ಟೀಲ್ ಬಾಂಡೆ ಕೊಡುವಾಕೆ. ಬುಟ್ಟಿಯ ತುಂಬ ಫಳಫಳ ಹೊಳೆಯುವ ಪಾತ್ರೆ ಹೊತ್ತು ಓಣಿಯಲ್ಲಿ ಕೂಗುತ್ತ ಬಂದಳೆಂದರೆ ಚಿಗವ್ವ ಬಾಗಿಲಲ್ಲಿ ನಿಂತು ಅಕ್ಕಪಕ್ಕದ ಮನೆಗಳನ್ನು ಕಾಯುತ್ತಾಳೆ. ಎದುರು ಮನೆಯವರು ಎರಡು ಸೀರೆ ಕೊಟ್ಟು ಒಂದು ಸಾರಿನ ಸೌಟು ತೊಗೊಂಡರೆ, ಚಿಗವ್ವನಿಗೆ ಅಂದು ಊಟ ಸೇರುವುದಿಲ್ಲ. ಅವಳು ಮಲಗಿದ್ದ ಒಂದು ಮಧ್ಯಾಹ್ನ ಕಾಕಾ ತಮ್ಮ ಸ್ವಂತ ಬುದ್ಧಿ ಉಪಯೋಗಿಸಿ ನಾಲ್ಕು ಹಳೆಯ ಧೋತರ, ಎರಡು ಅಂಗಿ ಕೊಟ್ಟು ಒಂದು ಸ್ಟೀಲ್ ಬಕೀಟು ತೊಗೊಂಡರು. ಸಂಜೆ ಬಕೀಟು ಕಂಡು ಚಿಗವ್ವ ಮಾತಾಡಲಿಲ್ಲ. ಬಕೀಟನ್ನು ಕೈಯಲ್ಲಿ ಹಿಡಿದು ಓಣಿ ಓಣಿ ಹುಡುಕುತ್ತ ಹೋದಳು. ಮೂರನೆಯ ಓಣಿಯಲ್ಲಿ ಆಕೆ ಸಿಕ್ಕಳು. ಆದರೆ ವ್ಯಾಪಾರದಲ್ಲಿ ಕೊಂಡ ಬೆಲೆ ಬೇರೆ, ಮಾರುವ ಬೆಲೆ ಬೇರೆ. ಬಕೀಟು ಹೋಯಿತು, ಅದರ ಜೊತೆ ನಮ್ಮ ಮನೆಯ ಒಂದು ಊಟದ ಡಬ್ಬಿಯೂ ಹೋಯಿತು, ಆಗ ಧೋತರಗಳು ಮನೆಗೆ ಬಂದವು. ಬಾಂಡೆಯಾಕೆ ಇವತ್ತಿಗೂ ಆ ಮನೆಯ ಮುಂದೆ ಒಂದು ಕೂಗು ಹೆಚ್ಚಿಗೆ ಕೂಗುತ್ತಾಳೆ.

ಉಡಿ ತುಂಬಿದ ಬ್ಲೌಸ್ ಪೀಸುಗಳ ವಿಷಯ ಎಲ್ಲ ಹೆಂಗಸರಿಗೂ ಗೊತ್ತು. ಅವು ಹೊಲಿಸುವುದಕ್ಕಲ್ಲ. ಈ ಮನೆಯಿಂದ ಆ ಮನೆಗೆ, ಅಲ್ಲಿಂದ ಇನ್ನೊಂದು ಮನೆಗೆ, ಹಳೆಯ ಹತ್ತು ರೂಪಾಯಿ ನೋಟಿನ ಹಾಗೆ ಮಡಿಕೆ ಮಾಸುವವರೆಗೆ ತಿರುಗುತ್ತಿರುತ್ತವೆ. ಆದರೆ ಚಿಗವ್ವನ ಕೈ ಸೇರಿದ್ದು ತಿರುಗಿ ಹೋಗುವುದಿಲ್ಲ. ಚಲಾವಣೆಯಿಂದ ಹಿಂದಕ್ಕೆ ಪಡೆಯುವ ರಿಸರ್ವ್ ಬ್ಯಾಂಕು ಅವಳು. ಪಡೆಯುವ ಮೊದಲು ಪರೀಕ್ಷೆಯೂ ಇದೆ. ಅಂಚಿನಿಂದ ಒಂದು ಎಳೆ ಎಳೆದು ದೇವರ ದೀಪಕ್ಕೆ ಹಿಡಿಯುತ್ತಾಳೆ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ನೂಲು. ಕರಗಿ ಕರಿಯ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರಿಗೆ ಸೂಜಿ ಸರಿಯಾಗಿ ಇಳಿಯುವುದಿಲ್ಲ, ಬೆವರು ಹೀರುವುದಿಲ್ಲ, ಪದರ ಪದರದಿಂದ ಜಾರುತ್ತದೆ. ಪರೀಕ್ಷೆ ಸರಿಯೇ, ಆದರೆ ಕೊಟ್ಟವರು ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿರುವಾಗಲೇ ಮಾಡಬಾರದು ಎಂದು ಕಾಕಾ ಎಷ್ಟೋ ಸಲ ಹೇಳಿದ್ದಾರೆ.

ಕಾಕಾ ಗಣಿತದ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತಿಯ ಮರುದಿನದಿಂದ ಅವರಿಗೆ ಹೊಸ ನೌಕರಿ ಸಿಕ್ಕಿತು. ಬೆಳಿಗ್ಗೆ ಪತ್ರಿಕೆ ಓದಿ ಮುಗಿಯುತ್ತಲೇ ಅದೇ ಚಾಳೀಸಿನಲ್ಲಿ ಹದಿನೈದು ಸೂಜಿಗಳಿಗೆ ದಾರ ಪೋಣಿಸಿ ತಲೆದಿಂಬಿಗೆ ಸಾಲಾಗಿ ಚುಚ್ಚಿಡಬೇಕು. ಚಿಗವ್ವನಿಗೆ ಕಣ್ಣು ಮಂಜು. ಪೋಣಿಸುವುದೊಂದು ಆಗುವುದಿಲ್ಲ, ಹೊಲಿಗೆ ಮಾತ್ರ ಕಣ್ಣಿಲ್ಲದೆಯೂ ಸಾಲು ತಪ್ಪುವುದಿಲ್ಲ. ಮಧ್ಯಾಹ್ನ ರೊಟ್ಟಿ, ಬಾಂಡೆ ಎಲ್ಲ ಮುಗಿದ ಮೇಲೆ ಪಡಸಾಲೆಯ ನಡುವೆ ಕೌದಿ ಹಾಸಿ, ಒಂದು ಕಾಲು ಚಾಚಿ ಅದರಿಂದ ಬಟ್ಟೆಯನ್ನು ಒತ್ತಿಹಿಡಿದು, ಬೆರಳಿಗೆ ಚಿಂದಿ ಸುತ್ತಿಕೊಂಡು ಕೂರುತ್ತಾಳೆ. ಆಮೇಲೆ ಸಂಜೆಯ ತನಕ ಅಡುಗೆಮನೆಯಿಂದ ಬಾಗಿಲಿಗೆ ಹೋಗಬೇಕಾದವರು ಹಿತ್ತಲಿನಿಂದ ಸುತ್ತಿ ಹೋಗಬೇಕು. ಬೆಕ್ಕಿಗೆ ಮಾತ್ರ ಕೌದಿಯ ಮೇಲೆ ಹಾಯುವ ಪರವಾನಗಿ ಇದೆ.

ದೀಪ ಹಚ್ಚುವ ಹೊತ್ತಿಗೆ ಸೂಜಿಗಳ ಹಾಜರಿ. ಒಂದು ದಿನ ಎಣಿಸಿದಾಗ ಹದಿನಾಲ್ಕೇ ಆದವು. ಮತ್ತೆ ಎಣಿಸಿದರು. ಗಣಿತದ ಮಾಸ್ತರರು ಎಣಿಸಿದರೂ ಹದಿನಾಲ್ಕೇ.

"ಯಾರೂ ಕುಂಡ್ರಬ್ಯಾಡ್ರಿ! ಯಾರೂ ಕಾಲ ಎತ್ತಿ ಇಡಬ್ಯಾಡ್ರಿ!"

ನಾನು ಆಗ ಅಲ್ಲಿ ಕಾಲೇಜು ಕಲಿಯುತ್ತಿದ್ದೆ. ಮನೆಯವರೆಲ್ಲ ಇದ್ದಲ್ಲೇ ಗರುಡಗಂಬದಂತೆ ನಿಂತೆವು. ಕೆಟ್ಟ ರೇಡಿಯೋ ಬಿಚ್ಚಿ ಅದರ ಅಯಸ್ಕಾಂತ ತೆಗೆದು ದಾರಕ್ಕೆ ಕಟ್ಟಿ ಇಡೀ ಪಡಸಾಲೆಯಲ್ಲಿ ಎಳೆದಾಡಿದೆ. ಎರಡು ಮೊಳೆ, ಒಂದು ಹೇರ್‌ಪಿನ್ನು, 1980ರ ಸುಮಾರಿನ ಒಂದು ಬ್ಲೇಡು ಸಿಕ್ಕವು. ಸೂಜಿ ಸಿಗಲಿಲ್ಲ. ರಾತ್ರಿ ಒಂಬತ್ತಾಯಿತು. ನಿಂತುಕೊಂಡೇ ಉಂಡೆವು. ಹತ್ತು ಗಂಟೆಗೆ ಕಾಕಾ ತಿರುಗಿ ನಿಂತಾಗ ಅವರ ಧೋತರದ ಹಿಂಭಾಗದಲ್ಲಿ, ಕೂರುವ ಜಾಗದಲ್ಲೇ, ಮೊಳದುದ್ದ ದಾರ ತೂಗಾಡುತ್ತಿತ್ತು. ಕೂರಬೇಡಿ ಎಂದು ಚಿಗವ್ವ ಹೇಳದೇ ಇದ್ದಿದ್ದರೆ ಏಳು ಗಂಟೆಗೇ ಸಿಗುತ್ತಿತ್ತು.

ಕಾಕಾನ ಬಟ್ಟೆಗಳ ಮೇಲೆ ಅವಳಿಗೆ ಪೂರ್ಣ ಹಕ್ಕು. ಒಮ್ಮೆ ಅವರು ಸಹಕಾರಿ ಸಂಘದ ಚುನಾವಣೆಗೆ ನಿಂತರು. ಧಾರವಾಡದ ಪಕ್ಕದ ಗರಗದಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾಗುವ ಖಾದಿ ನೇಯುತ್ತಾರೆ. ಆ ಊರಿನ ಖಾದಿಯಲ್ಲೇ ಜುಬ್ಬ ಹೊಲಿಸಿದರೆ ಜನಕ್ಕೆ ನಂಬಿಕೆ ಬರುತ್ತದೆ ಎಂದು ಯಾರೋ ಹೇಳಿದರಂತೆ. ಹೊಲಿಸಿದರು. ಹನ್ನೊಂದು ಮತದಿಂದ ಸೋತರು. ಜುಬ್ಬ ಗೂಟಕ್ಕೆ ತೂಗಿತು. ನೋಡಿದಾಗಲೆಲ್ಲ ಅವರಿಗೆ ಸಂಕಟ, ಅವರ ಸಂಕಟ ನೋಡಿ ಚಿಗವ್ವನಿಗೆ ಕನಿಕರ. ಕನಿಕರ ಬಂದರೆ ಚಿಗವ್ವ ಕತ್ತರಿ ತೆಗೆಯುತ್ತಾಳೆ. ಜುಬ್ಬ ಹೋಗಿ ಒಂದು ಕೌದಿಯ ನಟ್ಟನಡುವೆ ಬಿಳಿಯ ಚೌಕವಾಗಿ ಕೂತಿತು. ಮುಂದೆ ಒಂದು ಆಷಾಢದ ರಾತ್ರಿ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಸ್ಸು ತಪ್ಪಿಸಿಕೊಂಡ ಒಬ್ಬರು ನಮ್ಮ ಮನೆಗೇ ಬಂದರು. ಕಾಕಾನನ್ನು ಸೋಲಿಸಿದವರೇ. ಬಂದವರನ್ನು ಹೊರಗೆ ಕಳಿಸುವ ಮನೆಯಲ್ಲ ಅದು. ರೊಟ್ಟಿ, ಝುಣಕ ಉಣ್ಣಿಸಿ, ಹಾಸಿ ಹೊದಿಸಿದರು. ಹೊದಿಸಿದ್ದು ಆ ಕೌದಿಯನ್ನೇ. ಬೆಳಿಗ್ಗೆ ಎದ್ದು ಅವರು ಕೈ ಮುಗಿದು, "ಮಾಸ್ತರ, ಇಷ್ಟ ಛಲೋ ನಿದ್ದಿ ಎಷ್ಟೋ ವರ್ಷಾತ್ರಿ, ಹತ್ತಿರಲಿಲ್ಲ" ಎಂದರು. ಕಾಕಾ ಏನೂ ಹೇಳದೆ ಒಳಗೆ ಹೋಗಿ ಹದಿನೈದು ಸೂಜಿಗೆ ದಾರ ಪೋಣಿಸುತ್ತ ಕೂತರು.

ಆ ಮನೆಯಲ್ಲಿ ಯಾರಿಗೆ ಏನು ಹಾಸಿ ಏನು ಹೊದಿಸುತ್ತಾರೆ ಎಂಬುದರಲ್ಲೇ ಒಂದು ಶಾಸ್ತ್ರವಿದೆ. ಸಾಹೇಬರು, ಬೀಗರು, ಹೊಸ ಅಳಿಯ ಬಂದರೆ ನವಲಗುಂದದ ಜಮಖಾನ ಹಾಸಿ, ಮಡಿಕೆ ಬಿಚ್ಚದ ಸೊಲ್ಲಾಪುರ ಚಾದರ ಕೊಡುತ್ತಾರೆ. ಅಳಿಯ ಎರಡು ಮಕ್ಕಳ ತಂದೆಯಾದ ಮೇಲೆ ಹೊಸ ಕೌದಿಗೆ ಇಳಿಯುತ್ತಾನೆ. ಇಳಿಯುತ್ತಾನೆ ಎಂದು ಅವನು ತಿಳಿಯುತ್ತಾನೆ. ಏರುವುದೇ ಹಾಗೆ. ಬಾಣಂತಿಗೆ, ಜ್ವರ ಬಂದವರಿಗೆ, ಪರೀಕ್ಷೆಯಲ್ಲಿ ನಪಾಸಾದವರಿಗೆ ಇಪ್ಪತ್ತು ವರ್ಷ ಒಗೆದೊಗೆದು ಬೆಣ್ಣೆಯಾದ ಹಳೆಯ ಕೌದಿ. ಅದನ್ನು ಹೊದೆಯಲು ಕೊಟ್ಟಳೆಂದರೆ ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ನಾನು ಬಿ.ಎಸ್ಸಿ. ಎರಡನೇ ವರ್ಷ ಎರಡು ಸಲ ಹೊದ್ದಿದ್ದೇನೆ.

ಒಗೆಯುವುದೂ ಒಂದು ಹಬ್ಬ. ನವರಾತ್ರಿಯ ಘಟ ಕೂರುವ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯಬೇಕು. ಒಣಗಿದ ಕೌದಿಯನ್ನು ಒಬ್ಬಳು ಹೆಗಲ ಮೇಲೆ ಹಾಕಿಕೊಂಡು ಹೋಗಬಹುದು, ನೆನೆದ ಕೌದಿಗೆ ನಾಲ್ಕು ಜನ ಬೇಕು. ಹಿಂಡಲು ಈ ತುದಿಗೆ ನಾನು, ಆ ತುದಿಗೆ ಮೊಮ್ಮಗ, ಹಗ್ಗ ಜಗ್ಗಿದ ಹಾಗೆ. ಒಗೆಯುವ ಮಾತು ಬಂದದ್ದರಿಂದ ಒಂದು ಹೇಳಿಬಿಡುತ್ತೇನೆ. ನಮ್ಮ ಕಡೆ 'ಒಗಿ' ಎಂದರೆ ಬಟ್ಟೆ ತೊಳೆ ಎಂದೂ ಹೌದು, ಬಿಸಾಡು ಎಂದೂ ಹೌದು. ಮದುವೆಯಾದ ಹೊಸದರಲ್ಲಿ ಚಿಗವ್ವ ನನ್ನ ಹೆಂಡತಿಗೆ ಫೋನಿನಲ್ಲಿ, "ಹಳೇ ಅರಿವಿ ಒಗಿಬ್ಯಾಡ ನಮ್ಮವ್ವ, ನನಗ ಕಳಸು" ಎಂದಳು. ಮೈಸೂರಿನ ಹುಡುಗಿ ಅಕ್ಷರಶಃ ಪಾಲಿಸಿದಳು. ಆರು ತಿಂಗಳ ಹಳೆಯ ಬಟ್ಟೆ, ಒಂದೂ ತೊಳೆಯದೆ, ಚೀಲದಲ್ಲಿ ತುಂಬಿ ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಬಸ್ಸಿಗೆ ಹಾಕಿದಳು. ಚೀಲ ಬಿಚ್ಚಿದ ಮೇಲೆ ಚಿಗವ್ವ ಫೋನು ಮಾಡಿ ಕೇಳಿದ್ದು ಇಷ್ಟೇ: "ಬೆಂಗಳೂರಾಗ ನೀರಿನ ತ್ರಾಸ ಅಷ್ಟ ಐತೇನ?"

ಹೊಲಿಗೆಯ ಲೋಕದಲ್ಲಿ ಅವಳ ಒಂದೇ ಕೊರಗು ಕಸೂತಿ. ಧಾರವಾಡ ಎಂದರೆ ಹೊರಗಿನವರಿಗೆ ಪೇಢೆ, ಕಸೂತಿ. ಪ್ರದರ್ಶನಕ್ಕೆ ಹೋದರೆ ಕಸೂತಿ ಸೀರೆಗೆ ಗಾಜಿನ ಪೆಟ್ಟಿಗೆ, ಕೌದಿಗೆ ನೆಲ. "ಅದು ದೊಡ್ಡ ಮನಿ ಸೊಸಿ, ಇದು ಮನಿ ಮಗಳು" ಎನ್ನುತ್ತಾಳೆ. ಹಟಕ್ಕೆ ಒಮ್ಮೆ ಕಸೂತಿ ಕಲಿಯಲು ಹೋದಳು. ಗವಂತಿ, ಮುರಗಿ, ನೇಯ್ಗಿ, ಮೆಂತಿ ನಾಲ್ಕು ಬಗೆಯ ಹೊಲಿಗೆ, ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಗಂಟು ಇರಬಾರದು. ಎರಡನೆಯ ವಾರ ಗೋಪುರ ಹೊಲಿಯಲು ಕೂತು ಎಣಿಕೆ ತಪ್ಪಿ ಗೋಪುರ ಒಂದು ಕಡೆ ವಾಲಿತು. ಕಲಿಸುವಾಕೆ ಬಿಚ್ಚಿ ಅಂದಳಂತೆ. ಚಿಗವ್ವ ಬಿಚ್ಚಲಿಲ್ಲ, ಕತ್ತರಿಸಿದಳು. ವಾಲಿದ ಗೋಪುರ ಈಗ ಕಾಕಾನ ಕೌದಿಯ ಎಡ ಮೂಲೆಯಲ್ಲಿದೆ.

ಮಗ ತಂದುಕೊಟ್ಟ ವಿದ್ಯುತ್ ಹೊಲಿಗೆ ಯಂತ್ರದ ಕಥೆ ಚಿಕ್ಕದು. ಏಳು ಪದರದ ಕೌದಿ ಒಳಗೆ ತೂರಿಸಿದರು, ಸೂಜಿ ಮುರಿಯಿತು. ಮೂರು ಸಲ. ಈಗ ಅದರ ಮೇಲೆ ಗಂಟು ಇಡುತ್ತಾರೆ.

ಆದರೆ ಒಂದು ಕಡೆ ಅವಳು ತಲೆಬಾಗಿದ್ದುಂಟು. ಯಲ್ಲಾಪುರದ ಕಡೆ ಒಂದು ಮದುವೆಗೆ ಹೋದಾಗ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿದಳು. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಮನೆತನಗಳು ಅವು, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೆಲೆ ನಿಂತಿವೆ. ಅವರ ಕೌದಿಯ ಬಣ್ಣದ ಧೈರ್ಯವೇ ಬೇರೆ. ಅವರೂ ಅಂಚಿನಿಂದಲೇ ಶುರುಮಾಡಿ ನಡುವಿಗೆ ಬರುತ್ತಾರೆ. ಆದರೆ ಮುಗಿಸುವಾಗ ನಾಲ್ಕು ಮೂಲೆಗೂ ಮಡಚಿದ ಮುಕ್ಕೋನದ ಅರಿವೆ ಹಚ್ಚುತ್ತಾರೆ, ಅದಕ್ಕೆ 'ಫೂಲ' ಎನ್ನುತ್ತಾರೆ. ಅದು ಇಲ್ಲದ ಕೌದಿ ಬತ್ತಲೆ ಇದ್ದ ಹಾಗಂತೆ. ಚಿಗವ್ವ ಮದುವೆಯ ಊಟ ಬಿಟ್ಟು ಮೂರು ತಾಸು ಅವರ ಕಟ್ಟೆಯ ಮೇಲೆ ಕೂತಳು. ಮನೆಗೆ ಬಂದವಳೇ ಇದ್ದಬದ್ದ ಕೌದಿಗಳನ್ನೆಲ್ಲ ಕೆಳಗಿಳಿಸಿ ಮೂಲೆಮೂಲೆಗೆ ಫೂಲ ಹಚ್ಚತೊಡಗಿದಳು. ಕಾಕಾ ಇಪ್ಪತ್ತು ದಿನ ದಾರ ಪೋಣಿಸಿ ಪೋಣಿಸಿ ಸಾಕಾಗಿ, "ನಲವತ್ತ ವರ್ಷ ಬತ್ತಲೆ ಕೌದಿ ಹೊತ್ಗೊಂಡ ಮಲಗೇವಿ, ಇನ್ನೊಂದ ಸ್ವಲ್ಪ ದಿನಾ ತಡೀತಿದ್ದಿಲ್ಲೇನ?" ಎಂದರು.

ಇನ್ನು ಅಮೆರಿಕದ ವಿಷಯ. ಚಿಗವ್ವನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಹೋದ ಸಲ ಬಂದಾಗ ಒಂದು ಪೆಟ್ಟಿಗೆಗೆ 23 ಕಿಲೋ ಎಂಬ ಕಟ್ಟಳೆಯಲ್ಲಿ ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಖಾರಪುಡಿ ಎಲ್ಲ ತೆಗೆದಿಟ್ಟು ತೂಗಿ, ಕೊನೆಗೆ ಅರ್ಧ ಹೋಳಿಗೆ ಇಲ್ಲೇ ಬಿಟ್ಟು ಒಂದು ಕೌದಿ ಹೊತ್ತುಕೊಂಡು ಹೋದಳು. ಚಿಗವ್ವನಿಗೆ ಹಿಗ್ಗು, ಹಿಮ ಬೀಳುವ ಊರಿನಲ್ಲಿ ಮಗಳು ಬೆಚ್ಚಗಿರುತ್ತಾಳೆ ಎಂದು. ಒಂದು ತಿಂಗಳ ಮೇಲೆ ವಿಡಿಯೋ ಕರೆ ಮಾಡಿದಾಗ ಮಗಳ ಹಿಂದೆ ಗೋಡೆಯ ಮೇಲೆ ಕೌದಿ ತೂಗುತ್ತಿತ್ತು. ಮೇಲೆ ಎರಡು ದೀಪ ಬೇರೆ.

ಚಿಗವ್ವ ಬಹಳ ಹೊತ್ತು ನೋಡಿದಳು.

"ಗ್ವಾಡಿಗೆ ಚಳಿ ಹತ್ತೇತೇನ?"

ಮಗಳು ತಿಳಿಸಿ ಹೇಳಲು ನೋಡಿದಳು. ಅಲ್ಲಿ ಹೀಗೆ ಗೋಡೆಗೆ ಹಾಕುತ್ತಾರೆ, ಇದು ಕಲೆ. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳನ್ನು ಕತ್ತರಿಸಿ ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ದೊಡ್ಡ ಮ್ಯೂಸಿಯಂನಲ್ಲಿ ತೂಗುಹಾಕಿದ್ದರು. 2006ರಲ್ಲಿ ಸರ್ಕಾರ ಅವುಗಳ ಚಿತ್ರವಿದ್ದ ಅಂಚೆ ಚೀಟಿಗಳನ್ನೇ ತಂದಿತು. ಇಷ್ಟು ಕೇಳಿದ ಮೇಲೆ ಚಿಗವ್ವನಿಗೆ ಆ ಹೆಣ್ಣುಮಕ್ಕಳ ಮೇಲೆ ಗೌರವ ಹುಟ್ಟಿತು, ಸರ್ಕಾರದ ಮೇಲೆ ಹುಟ್ಟಲಿಲ್ಲ. "ಅಂಚಿ ಚೀಟಿ ಹೊತ್ಗೊಂಡ ಮಲಗಾಕ ಬರ್ತೈತೇನ?"

ಮಗಳ ಮನೆಗೆ ಬಂದ ಅಮೆರಿಕದ ಗೆಳತಿಯರು ಗದ್ದಕ್ಕೆ ಕೈ ಕೊಟ್ಟು ಅದರ ಎದುರು ನಿಲ್ಲುತ್ತಾರಂತೆ. ಅದರಲ್ಲೂ ಬಲಗಡೆಯ ಹಸಿರು ಗೆರೆಯ ತುಂಡು ಬಹಳ ಹಿಡಿಸುತ್ತದಂತೆ. ಅದು ಕಾಕಾನ ಲುಂಗಿ. ಒಬ್ಬಾಕೆ ಡಾಲರಿನಲ್ಲಿ ಬೆಲೆಯನ್ನೂ ಹೇಳಿದಳು. ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದ ಕಾಕಾ ಎರಡು ಸಲ ಕನ್ನಡಕ ಒರೆಸಿಕೊಂಡರು. ತಮ್ಮ ಲುಂಗಿಗೆ ತಾವು ಉಟ್ಟಾಗ ಇಂಥ ಬೆಲೆ ಎಂದೂ ಬಂದಿರಲಿಲ್ಲ. ಆ ದಿನದಿಂದ ಅವರು ತಮ್ಮ ಹಳೆಯ ಬಟ್ಟೆಗಳನ್ನು ತಾವೇ ಮಡಚಿ ಚಿಗವ್ವನಿಗೆ ಕೊಡುತ್ತಿದ್ದಾರೆ. ಚಿಗವ್ವ ಮಾರಲು ಒಪ್ಪಲಿಲ್ಲ. ಮಾರಿದರೆ ಆಕೆಯೂ ಗೋಡೆಗೇ ಹಾಕುತ್ತಾಳೆ, ಅದಕ್ಕೆ.

ಈಗ ಅವಳಿಗೆ ಅರಿವೆಯ ಬರ. ಊರೆಲ್ಲ ಪಾಲಿಯೆಸ್ಟರ್ ಉಡುತ್ತದೆ. ಧೋತರ ಉಡುವವರು ಕಾಕಾ ಮತ್ತು ಅವರ ಇಬ್ಬರು ಗೆಳೆಯರು. ಆ ಗೆಳೆಯರು ವಾಯುವಿಹಾರಕ್ಕೆ ಹೊರಟಾಗ ಚಿಗವ್ವ ಕಿಟಕಿಯಿಂದ ನೋಡುವ ನೋಟ ಅಷ್ಟು ಒಳ್ಳೆಯದಲ್ಲ. ಹೀಗಾಗಿ ನನ್ನ ನೀಲಿ ಚೌಕಡಿ ಅಂಗಿಗೆ ಬೆಲೆ ಬಂದಿದೆ. ತಿಂಗಳಿಗೊಮ್ಮೆ ಫೋನು ಬರುತ್ತದೆ. ನಾನು ಹೇಗಿದ್ದೇನೆ, ಮಕ್ಕಳು ಹೇಗಿದ್ದಾರೆ ಎಂಬುದೆಲ್ಲ ಆಮೇಲೆ. ಆಸ್ಪತ್ರೆಯಲ್ಲಿರುವವರನ್ನು ವಿಚಾರಿಸುವ ದನಿಯಲ್ಲಿ ಮೊದಲ ಮಾತು: "ಕಾಲರ್ ಹೆಂಗೈತಿ?"

"ಸ್ವಲ್ಪ ಸವದೈತಿ ಚಿಗವ್ವ."

"ಹರೀತೇನ?"

"ಇನ್ನೂ ಇಲ್ಲ."

"ಇರ್ಲಿ. ದೇವರ ಅದಾನ."

ಹೋದ ತಿಂಗಳು ಹರಿಯಿತು. ಹಿಂದಿನಿಂದ, ಮಡಿಕೆಯ ಗುಂಟ, ಚಿಗವ್ವ ಹೇಳಿದ ಹಾಗೆಯೇ. ನಾನು ಒಗೆದು ಒಣಹಾಕಿ ಬೇರೆ ಊರಿಗೆ ಹೋದೆ. ತಿರುಗಿ ಬಂದಾಗ ನನ್ನ ಹೆಂಡತಿ, ಒಗಿ ಎಂಬ ಮಾತಿನ ಎರಡೂ ಅರ್ಥ ಈಗ ಬಲ್ಲವಳು, ಒಗೆಯಲಿಲ್ಲ, ಬಿಸಾಡಲಿಲ್ಲ. ನೆಲ ಒರೆಸುತ್ತಿದ್ದಳು. ಫಿನೈಲ್ ನೀರಿನಲ್ಲಿ ನೀಲಿ ಚೌಕಡಿ ತೇಲುತ್ತಿತ್ತು.

ಚಿಗವ್ವನಿಗೆ ಹೇಳುವ ಧೈರ್ಯ ನನಗಿಲ್ಲ. ಅದೇ ಅಂಗಡಿಗೆ ಹೋಗಿ ಹುಡುಕಿದೆ. ಅದೇ ಚೌಕಡಿ, ಅದೇ ನೂಲು, ಹೊಸದು ಸಿಕ್ಕಿತು. ದಿನಾ ಹಾಕಿಕೊಳ್ಳುತ್ತಿದ್ದೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದರ ಕಾಲರನ್ನು ಒಗೆಯುವ ಕಲ್ಲಿಗೆ ನೂರು ಸಲ ತಿಕ್ಕುತ್ತೇನೆ. ಇನ್ನೂ ಹರಿದಿಲ್ಲ. ಈ ಪತ್ರಿಕೆ ಧಾರವಾಡಕ್ಕೂ ಹೋಗುತ್ತದೆ. ಓದಿದವರು ದಯವಿಟ್ಟು ಆ ಓಣಿಯಲ್ಲಿ ಬಾಯಿ ಬಿಡಬೇಡಿ.